ಎಕ್ಸೆಪ್ಶನ್ ಹಿಡಿಯೋದು, ತೆರೆದಿದ್ದನ್ನ ಮುಚ್ಚೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲೂ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಂಪನಿಗಳಿಗೆ ಹೊಸದಾಗಿ ಸೇರಿದವರ ಬಾಯಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ.

ಉದಾಹರಣೆಗೆ ಎಲ್ಲ ಕಡೆಯೂ ಒಂದೇ ಪ್ರೋಗ್ರಾಂ: ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯದು. ಬೆಳಗ್ಗೆ, ಸಂಜೆ ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಪ್ರೋಗ್ರಾಂ ತೂಕದ ಯಂತ್ರದಿಂದ ತೂಕ ಓದುತ್ತದೆ, ಫ್ಯಾಟ್ ಯಂತ್ರದಿಂದ ಫ್ಯಾಟ್ ಓದುತ್ತದೆ, ಡೇಟಾಬೇಸಿಗೆ ಬರೆಯುತ್ತದೆ, ಚೀಟಿ ಮುದ್ರಿಸುತ್ತದೆ. ನಾಲ್ಕೂ ಕಡೆ ಕೈಕೊಡಬಹುದು. ಕರೆಂಟ್ ಸೇರಿದರೆ ಐದು.

## ಶುರುವಿನ ಪ್ರಶ್ನೆಗಳು

ಎಕ್ಸೆಪ್ಶನ್ ಅಂದ್ರೆ ಎರರ್ ತಾನೇ ಸಾರ್? ಇನ್ನೊಂದು ಹೆಸರು ಯಾಕೆ?

ಎರರ್ ಅಂದರೆ ಆದ ಎಡವಟ್ಟು. ಎಕ್ಸೆಪ್ಶನ್ ಅಂದರೆ ಆ ಎಡವಟ್ಟಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವ ಒಂದು ದಾರಿ. ತೂಕದ ಯಂತ್ರದ ಕೇಬಲ್ ಸಡಿಲವಾದದ್ದು ಎರರ್. ಅದನ್ನು ಕಂಡ ಫಂಕ್ಷನ್ ತನ್ನ ಕೆಲಸವನ್ನು ಅಲ್ಲೇ ನಿಲ್ಲಿಸಿ, ಕರೆದವನ ಹತ್ತಿರ, ಅವನ ಕೈಲೂ ಆಗದಿದ್ದರೆ ಅವನನ್ನು ಕರೆದವನ ಹತ್ತಿರ ಸುದ್ದಿ ದಾಟಿಸುತ್ತಾ ಹೋಗುವುದು ಎಕ್ಸೆಪ್ಶನ್. ಹಿಡಿಯುವವರು ಯಾರೂ ಸಿಗದಿದ್ದರೆ ಆ ಥ್ರೆಡ್ (ಪ್ರೋಗ್ರಾಮಿನ ಒಳಗೆ ಓಡುವ ಒಂದು ಕೆಲಸದ ಎಳೆ) ಸಾಯುತ್ತದೆ. ಎಷ್ಟೋ ಭಾಷೆಗಳಲ್ಲಿ ಇಡೀ ಪ್ರೋಗ್ರಾಮೇ ನಿಲ್ಲುತ್ತದೆ. ಎಡವಬಹುದಾದ ಸಾಲುಗಳನ್ನು ಟ್ರೈ ಬ್ಲಾಕಿನಲ್ಲಿ, ಎಡವಿದರೆ ಮಾಡಬೇಕಾದದ್ದನ್ನು ಕ್ಯಾಚ್ ಬ್ಲಾಕಿನಲ್ಲಿ, ಎಡವಲಿ ಬಿಡಲಿ ಕೊನೆಗೆ ಮಾಡಬೇಕಾದದ್ದನ್ನು ಫೈನಲಿ ಬ್ಲಾಕಿನಲ್ಲಿ ಬರೆಯುತ್ತಾರೆ.

ಇದಕ್ಕೆ ಬದಲು, ಪ್ರತಿ ಫಂಕ್ಷನ್ನೂ ಒಂದು ಎರರ್ ನಂಬರನ್ನು ವಾಪಸ್ ಕೊಡಬಹುದು. ಸಿ ಭಾಷೆಯಲ್ಲಿ ಇಂದಿಗೂ ಅದೇ ಪದ್ಧತಿ. ನಂಬರನ್ನು ನೋಡದೆ ಮುಂದೆ ಹೋಗುವುದು ಸುಲಭ, ಅದೇ ಅದರ ತೊಂದರೆ. ಎಕ್ಸೆಪ್ಶನ್ನನ್ನು ನಿರ್ಲಕ್ಷಿಸಬೇಕಾದರೆ ಬೇಕೆಂದೇ ಕೋಡ್ ಬರೆಯಬೇಕು.

ಮೊದಲೇ ಇಫ್ ಹಾಕಿ ಚೆಕ್ ಮಾಡ್ಕೊಂಡ್ರೆ ಟ್ರೈ, ಕ್ಯಾಚ್ ಯಾಕೆ ಬೇಕು?

ಕೆಲವಕ್ಕೆ ಇಫ್ ಸರಿ. ಫ್ಯಾಟ್ 4.1 ಎಂದು ಒತ್ತಬೇಕಾದ ಕಡೆ ಚುಕ್ಕಿ ಬಿಟ್ಟು 41 ಒತ್ತಿದ್ದರೆ, ಅದು ದಿನಾ ನಡೆಯುವ ತಪ್ಪು. ಅಲ್ಲಿ ಇಫ್ ಹಾಕಿ, ಮತ್ತೆ ಒತ್ತಿ ಅಂತ ಹೇಳಿ. ಎಕ್ಸೆಪ್ಶನ್ ಬೇಕಿಲ್ಲ.

ಆದರೆ ಹೊರಗಿನ ಜಗತ್ತಿನ ವಿಷಯದಲ್ಲಿ ಇಫ್ ನಂಬುವಂತಿಲ್ಲ. ಫೈಲ್ ಇದೆಯಾ ಎಂದು ನೋಡಿದಿರಿ, ಇದೆ. ತೆರೆಯುವಷ್ಟರಲ್ಲಿ ಬ್ಯಾಕಪ್ ಪ್ರೋಗ್ರಾಂ ಅದನ್ನು ಬೇರೆ ಕಡೆಗೆ ಸರಿಸಿತು. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಯಾವಾಗಲೂ ಒಂದು ಸಂದು ಇರುತ್ತದೆ. ಹಾಗಾಗಿ ಫೈಲ್, ನೆಟ್‌ವರ್ಕ್, ಸೀರಿಯಲ್ ಪೋರ್ಟ್ (ತೂಕದ ಯಂತ್ರದ ಕೇಬಲ್ ಸಿಕ್ಕಿಸುವ ಕಂಡಿ) ವಿಷಯದಲ್ಲಿ ನೇರವಾಗಿ ಕೆಲಸಕ್ಕೆ ಇಳಿಯಿರಿ, ಆಗದಿದ್ದರೆ ಬರುವ ಎಕ್ಸೆಪ್ಶನ್ ಹಿಡಿಯಿರಿ.

ಟ್ರೈ, ಕ್ಯಾಚ್, ಫೈನಲಿ: ಯಾವುದಾದ ಮೇಲೆ ಯಾವುದು ಓಡುತ್ತೆ?

ಮೂರು ಸಂದರ್ಭ ನೆನಪಿಟ್ಟರೆ ಸಾಕು.

ಏನೂ ತೊಂದರೆ ಆಗಲಿಲ್ಲ: ಟ್ರೈ ಪೂರ್ತಿ ಓಡುತ್ತದೆ, ಕ್ಯಾಚ್ ಬಿಟ್ಟುಹೋಗುತ್ತದೆ, ಫೈನಲಿ ಓಡುತ್ತದೆ, ಕೆಳಗಿನ ಸಾಲು ಮುಂದುವರಿಯುತ್ತದೆ.

ತೊಂದರೆ ಆಯಿತು, ಹೊಂದುವ ಕ್ಯಾಚ್ ಇದೆ: ಟ್ರೈನಲ್ಲಿ ಉಳಿದ ಸಾಲುಗಳು ಓಡುವುದೇ ಇಲ್ಲ. ಕ್ಯಾಚ್, ಆಮೇಲೆ ಫೈನಲಿ, ಆಮೇಲೆ ಕೆಳಗಿನ ಸಾಲು. ನೆನಪಿಡಿ, ಎಡವಿದ ಸಾಲಿಗೆ ಮತ್ತೆ ವಾಪಸ್ ಹೋಗುವುದಿಲ್ಲ.

ತೊಂದರೆ ಆಯಿತು, ಹೊಂದುವ ಕ್ಯಾಚ್ ಇಲ್ಲ (ಅಥವಾ ಕ್ಯಾಚ್ ಒಳಗೇ ಇನ್ನೊಂದು ಎಕ್ಸೆಪ್ಶನ್ ಎದ್ದಿತು): ಫೈನಲಿ ಓಡುತ್ತದೆ, ಕೆಳಗಿನ ಸಾಲು ಓಡುವುದಿಲ್ಲ, ಎಕ್ಸೆಪ್ಶನ್ ಮೇಲಕ್ಕೆ ಹೋಗುತ್ತದೆ.

ಇಂಟರ್ವ್ಯೂಗಳಲ್ಲಿ ಕಾಡುವ ಒಂದು ಸೂಕ್ಷ್ಮ: ಟ್ರೈ ಒಳಗೆ ರಿಟರ್ನ್ ಇದ್ದರೂ ಫೈನಲಿ ಓಡುತ್ತದೆ, ಆದರೆ ರಿಟರ್ನ್ ಬೆಲೆಯನ್ನು ಅದಕ್ಕೂ ಮೊದಲೇ ಲೆಕ್ಕ ಹಾಕಿ ಎತ್ತಿಟ್ಟಿರುತ್ತದೆ. ಜಾವಾದಲ್ಲಿ ಎಕ್ಸ್ ಎಂಬ ಇಂಟ್ 1 ಇದ್ದು, ಅದನ್ನು ರಿಟರ್ನ್ ಮಾಡಿ, ಫೈನಲಿಯಲ್ಲಿ 2 ಮಾಡಿದರೆ ಕರೆದವನಿಗೆ ಸಿಗುವುದು 1. ಇಂಟ್ ಬದಲು ಲಿಸ್ಟ್ ಆಗಿದ್ದು, ಫೈನಲಿಯಲ್ಲಿ ಅದಕ್ಕೆ ಒಂದು ಐಟಂ ಸೇರಿಸಿದರೆ ಅದು ಕರೆದವನಿಗೂ ಕಾಣುತ್ತದೆ. ಎತ್ತಿಟ್ಟದ್ದು ಲಿಸ್ಟಿನ ವಿಳಾಸ, ಲಿಸ್ಟಿನ ನಕಲಲ್ಲ.

ಫೈನಲಿ ಏನೇ ಆದರೂ ಓಡೇ ಓಡುತ್ತೆ ಅಂತ ನೋಟ್ಸ್‌ನಲ್ಲಿ ಇದೆ. ನಿಜಾನಾ?

ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಬದುಕಿದ್ದರೆ ಮಾತ್ರ. ಕರೆಂಟ್ ಹೋದರೆ ಓಡುವುದಿಲ್ಲ. ಲಿನಕ್ಸಿನಲ್ಲಿ ಪ್ರೋಸೆಸ್ಸನ್ನು ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9 ಕೊಟ್ಟರೆ ಓಡುವುದಿಲ್ಲ, ಆ ಸಿಗ್ನಲ್ಲನ್ನು ಪ್ರೋಗ್ರಾಂ ನೋಡುವ ಅವಕಾಶವೇ ಇಲ್ಲ. ಜಾವಾದಲ್ಲಿ ಸಿಸ್ಟಮ್ ಎಕ್ಸಿಟ್ ಕರೆದರೂ ಫೈನಲಿ ಓಡುವುದಿಲ್ಲ. ಪೈಥಾನಿನ ಸಿಸ್ ಎಕ್ಸಿಟ್‌ನಲ್ಲಿ ಓಡುತ್ತದೆ, ಯಾಕೆಂದರೆ ಅದು ಒಳಗೊಳಗೆ ಒಂದು ಎಕ್ಸೆಪ್ಶನ್ನನ್ನೇ ಎಬ್ಬಿಸುತ್ತದೆ. ಗೋ ಭಾಷೆಯ ಓಎಸ್ ಎಕ್ಸಿಟ್, ಅಲ್ಲಿ ಫೈನಲಿಯ ಕೆಲಸ ಮಾಡುವ ಡಿಫರ್‌ಗಳನ್ನು ಓಡಿಸುವುದಿಲ್ಲ.

ಹೆಚ್ಚು ಜನ ಎಡವುವುದು, ‘ಮುಗಿಸು’ ಎಂದು ಪ್ರೋಸೆಸ್ಸಿಗೆ ಹೇಳುವ ಸಿಗ್ನಲ್ಲಾದ ಸಿಗ್‌ಟರ್ಮ್ ಹತ್ತಿರ. ಪೈಥಾನಿನಲ್ಲಿ ಕಂಟ್ರೋಲ್ ಸಿ ಒತ್ತಿದರೆ ಎಕ್ಸೆಪ್ಶನ್ ಬರುತ್ತದೆ, ಫೈನಲಿ ಓಡುತ್ತದೆ. ಸಿಗ್‌ಟರ್ಮ್ ಬಂದರೆ, ನೀವೇ ಹ್ಯಾಂಡ್ಲರ್ ಬರೆಯದ ಹೊರತು, ಪ್ರೋಸೆಸ್ ಸುಮ್ಮನೆ ಸಾಯುತ್ತದೆ. ಪ್ರೋಗ್ರಾಮುಗಳನ್ನು ಡಬ್ಬಿಗಳಲ್ಲಿ (ಕಂಟೇನರ್) ಓಡಿಸುವ ಡಾಕರಿನಲ್ಲಿ ಸ್ಟಾಪ್ ಕೊಟ್ಟಾಗ ಮೊದಲು ಬರುವುದು ಇದೇ ಸಿಗ್ನಲ್. ಅಲ್ಲಿಂದ 10 ಸೆಕೆಂಡ್ ಕಾದು ಕೊಲ್ಲುತ್ತದೆ; ಅಂಥ ಡಬ್ಬಿಗಳನ್ನು ಹಲವು ಯಂತ್ರಗಳಲ್ಲಿ ನಿಭಾಯಿಸುವ ಕುಬರ್ನೆಟಿಸ್‌ನಲ್ಲಿ 30 ಸೆಕೆಂಡ್. ಹ್ಯಾಂಡ್ಲರಿನಲ್ಲಿ ಸಿಸ್ ಎಕ್ಸಿಟ್ ಕರೆದರೆ ಅದೇ ಎಕ್ಸೆಪ್ಶನ್ ಆಗಿ ಫೈನಲಿಗಳು ಓಡುತ್ತವೆ. ಆ ಗಡುವಿನೊಳಗೆ ಮುಗಿಯುವಷ್ಟು ಮಾತ್ರ ಕೆಲಸ ಇಟ್ಟುಕೊಳ್ಳಿ.

ಮೇನ್‌ಗೆ ಒಂದು ದೊಡ್ಡ ಟ್ರೈ ಸುತ್ತಿ, ಕ್ಯಾಚ್ ಖಾಲಿ ಬಿಟ್ಟರೆ ಪ್ರೋಗ್ರಾಂ ಬೀಳೋದೇ ಇಲ್ವಲ್ಲ?

ಬೀಳುವುದಿಲ್ಲ. ಹಾಲು ಸುರಿದವರ ಹೆಸರು ಮಾತ್ರ ಬಿದ್ದುಹೋಗುತ್ತದೆ. ಡೇಟಾಬೇಸಿಗೆ ಬರೆಯಲಾಗದೆ ಎಕ್ಸೆಪ್ಶನ್ ಬಂತು, ಖಾಲಿ ಕ್ಯಾಚ್ ಅದನ್ನು ನುಂಗಿತು, ಮುಂದಿನ ಕ್ಯಾನು ಬಂತು. ಹಾಲು ಪರೀಕ್ಷಿಸುವ ಟೆಸ್ಟರಿಗೆ ಗೊತ್ತಾಗಲಿಲ್ಲ, ರೈತನಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಬಟವಾಡೆಯ ದಿನ, ಅಷ್ಟು ಹೊತ್ತಿಗೆ ಎಷ್ಟು ಲೀಟರ್ ಇತ್ತೆಂದು ಹೇಳುವವರು ಯಾರೂ ಇರುವುದಿಲ್ಲ. ಬಿದ್ದ ಪ್ರೋಗ್ರಾಂ ವಾಸಿ. ಬಿದ್ದದ್ದಾದರೂ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಅಪಾಯ, ಬಲೆ ದೊಡ್ಡದಾದಷ್ಟೂ ಬೇಡದ್ದೂ ಸಿಕ್ಕಿಕೊಳ್ಳುತ್ತದೆ. ಪೈಥಾನಿನಲ್ಲಿ ಯಾವ ಬಗೆ ಎಂದು ಹೇಳದೆ ಬರೀ ಎಕ್ಸೆಪ್ಟ್ (ಅಲ್ಲಿ ಕ್ಯಾಚಿನ ಹೆಸರು) ಎಂದು ಬರೆದರೆ ಕಂಟ್ರೋಲ್ ಸಿ ಕೂಡ ಅದರೊಳಗೇ ಬೀಳುತ್ತದೆ, ಪ್ರೋಗ್ರಾಮನ್ನು ನಿಲ್ಲಿಸಲೂ ಆಗುವುದಿಲ್ಲ. ಜಾವಾದಲ್ಲಿ ಎಸೆಯಬಹುದಾದ ಎಲ್ಲದರ ಮೂಲವಾದ ಥ್ರೋಯಬಲ್ ಹಿಡಿದರೆ ಮೆಮೊರಿ ಮುಗಿದದ್ದೂ ಅದರಲ್ಲೇ ಸೇರಿ ಮುಚ್ಚಿಹೋಗುತ್ತದೆ. ಹೆಸರು ತಪ್ಪಾಗಿ ಟೈಪ್ ಮಾಡಿದಂಥ ನಿಮ್ಮದೇ ಬಗ್ ಕೂಡ ‘ಯಂತ್ರ ಸಿಗಲಿಲ್ಲ’ ಎಂಬ ವೇಷ ಹಾಕಿಕೊಂಡು ಕೂರುತ್ತದೆ.

## ತೆರೆದದ್ದನ್ನು ಮುಚ್ಚುವುದು

ಗಾರ್ಬೇಜ್ ಕಲೆಕ್ಟರ್ ಇರುವಾಗ ಕ್ಲೋಸ್ ನಾವೇ ಯಾಕೆ ಮಾಡಬೇಕು?

ಬೇಡವಾದ ಮೆಮೊರಿಯನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಕಾಯುವುದು ಮೆಮೊರಿಯನ್ನು ಮಾತ್ರ. ಮೆಮೊರಿ ಸಾಕಷ್ಟಿದ್ದರೆ ಅದು ಗಂಟೆಗಟ್ಟಲೆ ಓಡದೆಯೂ ಇರಬಹುದು. ಅಷ್ಟರಲ್ಲಿ ಬೇರೆ ಲೆಕ್ಕಗಳು ಮುಗಿಯುತ್ತವೆ. ಲಿನಕ್ಸಿನಲ್ಲಿ ಒಂದು ಪ್ರೋಸೆಸ್ ಏಕಕಾಲಕ್ಕೆ ತೆರೆದಿಡಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 1024. ಸಾಕೆಟ್ಟುಗಳೂ ಇದರಲ್ಲೇ ಸೇರಿ. ದಾಟಿದರೆ ಎರರ್ ನಂಬರ್ 24, ‘ತೆರೆದ ಫೈಲುಗಳು ಜಾಸ್ತಿಯಾದವು’ ಎಂಬ ದೂರು. ಡೇಟಾಬೇಸ್ ಕನೆಕ್ಷನ್ನುಗಳನ್ನು ತೆರೆದಿಟ್ಟು ಎರವಲು ಕೊಡುವ ಜಾವಾದ ಹಿಕಾರಿ ಪೂಲ್ ತಾನಾಗಿ ಇಡುವುದು 10 ಕನೆಕ್ಷನ್. ಹತ್ತು ಸಲ ವಾಪಸ್ ಕೊಡುವುದನ್ನು ಮರೆತಿರೋ, ಹನ್ನೊಂದನೆಯವನು 30 ಸೆಕೆಂಡ್ ಕಾದು ಎಕ್ಸೆಪ್ಶನ್ ತಿನ್ನುತ್ತಾನೆ. ಆಗ ಎಲ್ಲರೂ ಬೈಯುವುದು ಡೇಟಾಬೇಸನ್ನು. ಅದು ಪಾಪ ಸುಮ್ಮನೆ ಕೂತಿರುತ್ತದೆ.

ಸೀರಿಯಲ್ ಪೋರ್ಟಿಗೆ ಇನ್ನೂ ಬಿಗಿ. ವಿಂಡೋಸಿನಲ್ಲಿ ಒಬ್ಬರು ತೆರೆದ ಪೋರ್ಟನ್ನು ಇನ್ನೊಬ್ಬರು ತೆರೆಯುವಂತಿಲ್ಲ. ತೂಕದ ಯಂತ್ರ ಬೆಳಗ್ಗೆ ಒಂದು ಸಲ ಓದಿ ಆಮೇಲೆ ‘ಆಕ್ಸೆಸ್ ಡಿನೈಡ್’ ಅಂದರೆ, ಮೊದಲ ಓದಿನಲ್ಲಿ ಎಲ್ಲೋ ಕ್ಲೋಸ್ ತಪ್ಪಿದೆ ಎಂದೇ ಹುಡುಕಲು ಶುರು ಮಾಡಿ.

ಸಾಮಾನ್ಯವಾಗಿ ಬಳಸುವ ಪೈಥಾನಿನಲ್ಲಿ ವೇರಿಯಬಲ್ ಕೈಬಿಟ್ಟ ತಕ್ಷಣ ಫೈಲ್ ಮುಚ್ಚಿಕೊಳ್ಳುವುದರಿಂದ ಮರೆತದ್ದು ಬಹಳ ದಿನ ಗೊತ್ತಾಗುವುದಿಲ್ಲ. ಅದೇ ಕೋಡನ್ನು, ಹಾಗೆ ತಕ್ಷಣ ಮುಚ್ಚದ ಇನ್ನೊಂದು ಪೈಥಾನ್ ಆದ ಪೈಪೈನಲ್ಲಿ ಓಡಿಸಿದ ದಿನ ಗೊತ್ತಾಗುತ್ತದೆ.

ಸೋರಿಕೆ ಇದೆಯೋ ಇಲ್ಲವೋ ನೋಡಲು: ಲಿನಕ್ಸಿನಲ್ಲಿ ಪ್ರಾಕ್ ಫೋಲ್ಡರಿನ ಒಳಗೆ ನಿಮ್ಮ ಪ್ರೋಸೆಸ್ ನಂಬರಿನ ಫೋಲ್ಡರ್, ಅದರೊಳಗೆ ಎಫ್‌ಡಿ. ಅಲ್ಲಿರುವ ಎಂಟ್ರಿಗಳನ್ನು ಎಣಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಇಳಿಯದೆ ಏರುತ್ತಲೇ ಇದ್ದರೆ ಸೋರುತ್ತಿದೆ.

ಫೈನಲಿಯಲ್ಲಿ ಕ್ಲೋಸ್ ಬರೆದೆ. ಈಗ ಫೈನಲಿಯಿಂದಲೇ ನಲ್ ಪಾಯಿಂಟರ್ ಎಕ್ಸೆಪ್ಶನ್ ಬರ್ತಿದೆ!

ತೆರೆಯುವ ಸಾಲು ಟ್ರೈ ಒಳಗಿದೆ, ಅದಕ್ಕೇ. ಪೋರ್ಟ್ ತೆರೆಯಲಿಲ್ಲ, ವೇರಿಯಬಲ್ ನಲ್ (ಖಾಲಿ) ಆಗೇ ಉಳಿಯಿತು, ಫೈನಲಿ ಹೋಗಿ ಆ ನಲ್ಲನ್ನು ಮುಚ್ಚಲು ನೋಡಿತು. ಅಷ್ಟೇ ಅಲ್ಲ, ಹೊಸ ಎಕ್ಸೆಪ್ಶನ್ ಹಳೆಯದನ್ನು ತಳ್ಳಿ ಮೇಲೆ ಕೂತಿತು. ‘ಪೋರ್ಟ್ ಸಿಗಲಿಲ್ಲ’ ಎಂಬ ಅಸಲಿ ಸುದ್ದಿ ಮಾಯ.

ಸರಿಯಾದ ಕ್ರಮ: ಮೊದಲು ತೆರೆ, ತಕ್ಷಣ ಮುಂದಿನ ಸಾಲಿನಲ್ಲಿ ಟ್ರೈ, ಫೈನಲಿಯಲ್ಲಿ ಮುಚ್ಚು. ತೆರೆಯಲು ಆಗದಿದ್ದರೆ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಹೋಗುವಂತೆ ತಡೆಯುವ ಲಾಕ್ ವಿಷಯದಲ್ಲೂ ಹಾಗೇ, ಲಾಕ್ ಹಾಕುವ ಸಾಲು ಟ್ರೈಗಿಂತ ಮೇಲೆ, ಅನ್‌ಲಾಕ್ ಫೈನಲಿಯಲ್ಲಿ. ಲಾಕನ್ನು ಟ್ರೈ ಒಳಗೆ ತಂದರೆ, ಲಾಕ್ ಸಿಗದೇ ಹೋದಾಗ ನಿಮ್ಮದಲ್ಲದ ಲಾಕನ್ನು ಬಿಡಿಸಲು ಹೋಗಿ ಇನ್ನೊಂದು ಎಕ್ಸೆಪ್ಶನ್ ತಂದುಕೊಳ್ಳುತ್ತೀರಿ. ತೆರೆಯುವ ಸಾಲಿಗೂ ಟ್ರೈಗೂ ನಡುವೆ ಲಾಗ್ ಬರೆಯುವ ಸಾಲನ್ನೂ ಸೇರಿಸಬೇಡಿ. ಅದು ಎಡವಿದರೆ ಪೋರ್ಟ್ ತೆರೆದೇ ಉಳಿಯಿತು.

ಟ್ರೈ ವಿತ್ ರಿಸೋರ್ಸಸ್, ವಿತ್, ಯೂಸಿಂಗ್, ಡಿಫರ್, ಡಿಸ್ಟ್ರಕ್ಟರ್: ಎಲ್ಲಾ ಒಂದೇನಾ?

ಇವು ಬೇರೆ ಬೇರೆ ಭಾಷೆಗಳಲ್ಲಿ ತಾನಾಗಿ ಮುಚ್ಚಿಸುವ ಸೌಲಭ್ಯಗಳು. ಉದ್ದೇಶ ಒಂದೇ: ಮುಚ್ಚುವ ಮಾತನ್ನು ತೆರೆಯುವ ಜಾಗದಲ್ಲೇ ಹೇಳಿಬಿಡುವುದು. ಅರವತ್ತು ಸಾಲು ಕೆಳಗಿನ ಫೈನಲಿಯನ್ನು ನೆನಪಿಟ್ಟುಕೊಳ್ಳುವ ಕೆಲಸ ತಪ್ಪುತ್ತದೆ.

ಮುಚ್ಚುವ ಗಳಿಗೆ ಮಾತ್ರ ಬೇರೆ ಬೇರೆ. ಸಿ ಪ್ಲಸ್ ಪ್ಲಸ್‌ನಲ್ಲಿ ವೇರಿಯಬಲ್ಲಿನ ಬ್ರಾಕೆಟ್ ಮುಗಿದಾಗ ಡಿಸ್ಟ್ರಕ್ಟರ್ ತಾನೇ ಓಡುತ್ತದೆ. ರಸ್ಟ್‌ನ ಡ್ರಾಪ್ ಕೂಡ ಹಾಗೇ. ಪೈಥಾನಿಗೆ ವಿತ್ ಬಂದದ್ದು 2006ರಲ್ಲಿ, 2.5ರ ಜೊತೆ. ಜಾವಾಕ್ಕೆ ಟ್ರೈ ವಿತ್ ರಿಸೋರ್ಸಸ್ ಬಂದದ್ದು 2011ರಲ್ಲಿ, ಏಳನೇ ಆವೃತ್ತಿಯಲ್ಲಿ. ಇವೆರಡೂ ತಮ್ಮ ಬ್ಲಾಕ್ ಮುಗಿದಾಗ ಮುಚ್ಚುತ್ತವೆ. ಸಿ ಶಾರ್ಪಿನ ಯೂಸಿಂಗ್ ಬ್ಲಾಕ್ ಕೂಡ.

ಗೋ ಭಾಷೆಯ ಡಿಫರ್ ಬೇರೆ ಜಾತಿ. ಅದು ಓಡುವುದು ಬ್ಲಾಕ್ ಮುಗಿದಾಗಲ್ಲ, ಇಡೀ ಫಂಕ್ಷನ್ ಮುಗಿದಾಗ. ಐನೂರು ರೈತರ ಫೈಲುಗಳನ್ನು ಲೂಪಿನಲ್ಲಿ ತೆರೆದು ಪ್ರತಿ ಸಲ ಡಿಫರ್ ಹಾಕಿದರೆ, ಐನೂರೂ ಕೊನೆಯವರೆಗೆ ತೆರೆದೇ ಇರುತ್ತವೆ. ಲೂಪಿನ ಒಳಭಾಗವನ್ನು ಬೇರೆ ಫಂಕ್ಷನ್ ಮಾಡಿದರೆ ಸರಿಹೋಗುತ್ತದೆ. ಡಿಫರ್‌ಗೆ ಕೊಟ್ಟ ಆರ್ಗ್ಯುಮೆಂಟುಗಳ ಬೆಲೆ ಆ ಸಾಲಿನಲ್ಲೇ ನಿಗದಿಯಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಪೈಥಾನಿನಲ್ಲಿ ವಿತ್ ಜೊತೆ ಬಳಸುವ ಕಾಂಟೆಕ್ಸ್ಟ್ ಮ್ಯಾನೇಜರನ್ನು ನೀವೇ ಬರೆಯುವಾಗ ಒಂದು ಎಚ್ಚರ: ಎಕ್ಸಿಟ್ ಮೆಥಡ್ ಟ್ರೂ ಹಿಂದಿರುಗಿಸಿದರೆ ಎಕ್ಸೆಪ್ಶನ್ ಅಲ್ಲೇ ನುಂಗಿಹೋಗುತ್ತದೆ. ‘ಮುಚ್ಚಿದ್ದು ಸರಿಯಾಯಿತು’ ಎಂಬ ಅರ್ಥದಲ್ಲಿ ಟ್ರೂ ಕೊಡುವವರು ಬೇಕಾದಷ್ಟು ಜನ.

ಪೋರ್ಟ್, ಫೈಲ್, ಡೇಟಾಬೇಸ್ ಮೂರೂ ತೆರೆದಿದ್ದೀನಿ. ಮೊದಲು ಯಾವುದನ್ನ ಮುಚ್ಚಲಿ?

ಕೊನೆಗೆ ತೆರೆದದ್ದನ್ನು ಮೊದಲು. ಆಮೇಲೆ ತೆರೆದದ್ದು ಮೊದಲು ತೆರೆದದ್ದರ ಮೇಲೆ ನಿಂತಿರಬಹುದು. ಮೇಲಿನ ಪ್ರಶ್ನೆಯ ಸೌಲಭ್ಯಗಳೆಲ್ಲ ಈ ಕ್ರಮವನ್ನು ತಾವೇ ಪಾಲಿಸುತ್ತವೆ. ಎಷ್ಟು ತೆರೆಯಬೇಕೆಂಬುದು ಓಡುವಾಗ ಮಾತ್ರ ಗೊತ್ತಾಗುವುದಾದರೆ ಮುಚ್ಚಬೇಕಾದವುಗಳ ಪಟ್ಟಿ ಇಟ್ಟುಕೊಳ್ಳುವ ಪೈಥಾನಿನ ಎಕ್ಸಿಟ್ ಸ್ಟ್ಯಾಕ್ ಬಳಸಿ.

ಮುಚ್ಚುವಾಗಲೇ ಎಕ್ಸೆಪ್ಶನ್ ಬಂದರೆ ಏನು ಮಾಡೋದು?

ಓದಲು ತೆರೆದದ್ದೋ, ಬರೆಯಲು ತೆರೆದದ್ದೋ ಎಂಬುದರ ಮೇಲೆ ಉತ್ತರ. ಓದಿ ಮುಗಿಸಿದ ಫೈಲ್ ಮುಚ್ಚಲಾಗದಿದ್ದರೆ ಲಾಗ್ ಬರೆದು ಮುಂದೆ ಹೋಗಬಹುದು. ಬರೆದ ಫೈಲ್ ಹಾಗಲ್ಲ. ನೀವು ರೈಟ್ ಕರೆದಾಗ ಅಕ್ಷರಗಳು ಬಫರಿನಲ್ಲಿ ಕೂತಿರುತ್ತವೆ, ಡಿಸ್ಕಿಗೆ ಹೊರಡುವುದು ಕ್ಲೋಸ್ ಹೊತ್ತಿಗೆ. ಡಿಸ್ಕ್ ತುಂಬಿದೆ ಎಂಬ ಎರರ್ ನಂಬರ್ 28 ಎಷ್ಟೋ ಸಲ ಕ್ಲೋಸ್‌ನಲ್ಲೇ ಬರುತ್ತದೆ. ಅದನ್ನು ನುಂಗಿದರೆ ದಿನದ ಲೆಕ್ಕದ ಬಾಲವೇ ಕಾಣೆ. ಬರೆಯುವ ಫೈಲಿನಲ್ಲಿ ಕ್ಲೋಸ್ ಎಡವಿತೆಂದರೆ ಬರಹವೇ ಎಡವಿದ ಹಾಗೆ.

ಕೆಲಸದಲ್ಲೂ ಎಕ್ಸೆಪ್ಶನ್, ಮುಚ್ಚುವಾಗಲೂ ಎಕ್ಸೆಪ್ಶನ್ ಆದರೆ? ಕೈಯಿಂದ ಬರೆದ ಜಾವಾ ಫೈನಲಿಯಲ್ಲಿ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ. ಟ್ರೈ ವಿತ್ ರಿಸೋರ್ಸಸ್‌ನಲ್ಲಿ ಮೊದಲನೆಯದು ಮುಖ್ಯವಾಗಿ ಉಳಿದು, ಎರಡನೆಯದು ಅದರ ಬೆನ್ನಿಗೆ ‘ಸಪ್ರೆಸ್ಡ್’ ಎಂದು ಅಂಟಿಕೊಳ್ಳುತ್ತದೆ. ಗೆಟ್ ಸಪ್ರೆಸ್ಡ್ ಕರೆದರೆ ಸಿಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಎಕ್ಸೆಪ್ಶನ್ ಮೇಲಕ್ಕೆ ಹೋಗುತ್ತಿರುವಾಗ ಡಿಸ್ಟ್ರಕ್ಟರಿನಿಂದ ಇನ್ನೊಂದು ಹೊರಬಿದ್ದರೆ ಪ್ರೋಗ್ರಾಂ ಅಲ್ಲೇ ಖಲಾಸ್. 2011ರ ಆವೃತ್ತಿಯಿಂದ ಡಿಸ್ಟ್ರಕ್ಟರುಗಳು ತಾವಾಗಿಯೇ ‘ಎಸೆಯುವುದಿಲ್ಲ’ ಎಂಬ ಕರಾರಿಗೆ ಒಳಪಟ್ಟಿವೆ.

ಫೈನಲಿಯಲ್ಲಿ ರಿಟರ್ನ್ ಹಾಕಿದ್ದಕ್ಕೆ ರಿವ್ಯೂನಲ್ಲಿ ಬೈದರು. ತಪ್ಪೇನು?

ಮೇಲಕ್ಕೆ ಹೊರಟಿದ್ದ ಎಕ್ಸೆಪ್ಶನ್ನನ್ನು ಆ ರಿಟರ್ನ್ ಸದ್ದಿಲ್ಲದೆ ಕೊಲ್ಲುತ್ತದೆ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಹೀಗೇ. ಪೈಥಾನ್ 3.14 ಈಗ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ಸಿ ಶಾರ್ಪ್ ಮೊದಲಿಂದಲೂ ಕಂಪೈಲ್ ಮಾಡುವುದಿಲ್ಲ. ಬೈದವರು ಸರಿಯಾಗೇ ಬೈದಿದ್ದಾರೆ.

## ಎಲ್ಲಿ ಹಿಡಿಯಬೇಕು, ಹಿಡಿದು ಏನು ಮಾಡಬೇಕು

ಯಾವ ಫಂಕ್ಷನ್‌ನಲ್ಲಿ ಕ್ಯಾಚ್ ಹಾಕಬೇಕು ಅನ್ನೋದೇ ಗೊತ್ತಾಗಲ್ಲ

‘ಇಲ್ಲಿ ಹಿಡಿದು ನಾನು ಏನು ಮಾಡಬಲ್ಲೆ?’ ಎಂದು ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಹಿಡಿಯಬೇಡಿ. ಸೀರಿಯಲ್ ಪೋರ್ಟಿನಿಂದ ಎಂಟು ಬೈಟ್ ಓದುವ ಫಂಕ್ಷನ್ನಿಗೆ ಡೇರಿಯೂ ಗೊತ್ತಿಲ್ಲ, ರೈತನೂ ಗೊತ್ತಿಲ್ಲ. ಅದು ಎಸೆಯಲಿ, ಪೋರ್ಟ್ ಮುಚ್ಚಲಿ, ಅಷ್ಟೇ. ಅದರ ಮೇಲಿನ ‘ತೂಕ ಓದು’ ಫಂಕ್ಷನ್ ಇನ್ನೊಂದೆರಡು ಸಲ ಪ್ರಯತ್ನಿಸಬಲ್ಲದು, ಹಾಗಾಗಿ ಅಲ್ಲಿ ಒಂದು ಕ್ಯಾಚ್. ಅದಕ್ಕೂ ಮೇಲೆ, ಒಂದು ಕ್ಯಾನಿನ ಕೆಲಸ ಶುರುವಾಗಿ ಮುಗಿಯುವ ಲೂಪಿನಲ್ಲಿ ಇನ್ನೊಂದು: ‘ತೂಕ ಬರುತ್ತಿಲ್ಲ, ಕೈಯಿಂದ ಒತ್ತಿ’ ಎಂದು ಪರದೆಯ ಮೇಲೆ ತೋರಿಸಿ, ಲಾಗ್ ಬರೆದು, ಮುಂದಿನ ಕ್ಯಾನಿಗೆ ಹೋಗುವುದು. ಎಲ್ಲ ಬಗೆಯ ಎಕ್ಸೆಪ್ಶನ್ನುಗಳನ್ನು ಹಿಡಿಯುವ ಅಗಲದ ಕ್ಯಾಚಿಗೆ ಈ ಜಾಗ ಒಂದೇ ಯೋಗ್ಯ. ವೆಬ್ ಸರ್ವರಿನಲ್ಲಿ ಒಂದು ರಿಕ್ವೆಸ್ಟ್, ಕ್ಯೂ ಓದುವಲ್ಲಿ ಒಂದು ಮೆಸೇಜ್, ಇದೇ ಥರದ ಗಡಿಗಳು.

ಹೀಗೆ ಬರೆದ ಪ್ರೋಗ್ರಾಮಿನಲ್ಲಿ ಕ್ಯಾಚ್‌ಗಳು ಬೆರಳೆಣಿಕೆ, ಮುಚ್ಚುವ ಬ್ಲಾಕುಗಳು ಹತ್ತಾರು. ನಿಮ್ಮದರಲ್ಲಿ ಲೆಕ್ಕ ತಿರುಗಾಮುರುಗಾ ಆಗಿದ್ದರೆ, ಒಂದು ಸಂಜೆ ಕೂತು ಕ್ಯಾಚ್‌ಗಳನ್ನು ಕಿತ್ತುಹಾಕಿ ನೋಡಿ.

ಹಿಡಿದು ಮತ್ತೆ ಎಸೆದೆ. ಸ್ಟ್ಯಾಕ್ ಟ್ರೇಸ್‌ನಲ್ಲಿ ಅಸಲಿ ಸಾಲಿನ ನಂಬರೇ ಇಲ್ಲ!

ಸ್ಟ್ಯಾಕ್ ಟ್ರೇಸ್ ಅಂದರೆ ಎಕ್ಸೆಪ್ಶನ್ ಎದ್ದ ಸಾಲು, ಅಲ್ಲಿಯವರೆಗೆ ಕರೆಯುತ್ತಾ ಬಂದ ಫಂಕ್ಷನ್ನುಗಳ ಪಟ್ಟಿ. ಸಿ ಶಾರ್ಪ್ ಆದರೆ, ಎಸೆಯುವ ಥ್ರೋ ಪಕ್ಕ ವೇರಿಯಬಲ್ ಹೆಸರು ಬರೆದಿದ್ದೀರಿ. ಬರೀ ಥ್ರೋ ಬರೆದರೆ ಹಳೆಯ ಟ್ರೇಸ್ ಉಳಿಯುತ್ತದೆ, ಹೆಸರು ಬರೆದರೆ ಟ್ರೇಸ್ ಆ ಸಾಲಿನಿಂದ ಹೊಸದಾಗಿ ಶುರುವಾಗುತ್ತದೆ. ಜಾವಾದಲ್ಲಿ ಹೊಸ ಎಕ್ಸೆಪ್ಶನ್ ಕಟ್ಟುವಾಗ ಹಳೆಯದನ್ನು ಕೊನೆಯ ಆರ್ಗ್ಯುಮೆಂಟಾಗಿ ಕೊಡಿ. ಅದರ ಮೆಸೇಜನ್ನು ಮಾತ್ರ ಕೊಟ್ಟರೆ ಕಾರಣದ ಕೊಂಡಿ ಕಳಚಿತು. ಪೈಥಾನಿನಲ್ಲಿ ರೈಸ್ ಜೊತೆ ಫ್ರಮ್ ಬಳಸಿ. ಹೊಸ ಮೆಸೇಜಿನಲ್ಲಿ ಕೆಳಗಿನವನಿಗೆ ಗೊತ್ತಿಲ್ಲದ್ದನ್ನು ಸೇರಿಸಿ: ಯಾವ ಪೋರ್ಟ್, ಯಾವ ಸದಸ್ಯರ ನಂಬರ್, ಬೆಳಗಿನ ಸರದಿಯೋ ಸಂಜೆಯದೋ.

ಇನ್ನು, ಪ್ರತಿ ಮಹಡಿಯಲ್ಲೂ ಲಾಗ್ ಬರೆದು ಮತ್ತೆ ಎಸೆಯಬೇಡಿ. ಒಂದೇ ಎಡವಟ್ಟು ಐದು ಸಲ ಲಾಗಿನಲ್ಲಿ ಬಂದು, ಐದು ಎಡವಟ್ಟು ಎಂದು ರಾತ್ರಿ ಪಾಳಿಯವರು ಗಾಬರಿಯಾಗುತ್ತಾರೆ. ಲಾಗ್ ಬರಿ ಅಥವಾ ಎಸೆ, ಎರಡರಲ್ಲಿ ಒಂದು.

ಜಾವಾ ಪ್ರೋಗ್ರಾಮನ್ನು ಓಡಿಸುವ ಹಾಟ್‌ಸ್ಪಾಟ್‌ನಲ್ಲಿ ಟ್ರೇಸ್ ಕಾಣದಿರಲು ಇನ್ನೊಂದು ಕಾರಣವೂ ಇದೆ. ಒಂದೇ ಜಾಗದಲ್ಲಿ ನಲ್ ಪಾಯಿಂಟರಿನಂಥದ್ದು ಬಹಳ ಸಲ ಬಂದರೆ, ವೇಗಕ್ಕಾಗಿ ಅದು ಟ್ರೇಸ್ ಇಲ್ಲದ ಎಕ್ಸೆಪ್ಶನ್ ಕೊಡಲು ಶುರು ಮಾಡುತ್ತದೆ. ಲಾಗಿನಲ್ಲಿ ಹಿಂದಕ್ಕೆ ಹೋಗಿ, ಮೊದಮೊದಲು ಬಂದವುಗಳಲ್ಲಿ ಟ್ರೇಸ್ ಇರುತ್ತದೆ.

ಜಾವಾದ ಚೆಕ್ಡ್ ಎಕ್ಸೆಪ್ಶನ್ ಒಳ್ಳೇದಾ, ತಲೆನೋವಾ?

ಎರಡೂ. ಚೆಕ್ಡ್ ಅಂದರೆ, ಹಿಡಿಯಲೇಬೇಕು ಇಲ್ಲವೇ ಮೇಲಕ್ಕೆ ಬಿಡುತ್ತೇನೆಂದು ಬರೆಯಲೇಬೇಕು ಎಂದು ಕಂಪೈಲರ್ ಪಟ್ಟು ಹಿಡಿಯುವಂಥದ್ದು. ಕರೆದವನು ಏನಾದರೂ ಮಾಡಬಲ್ಲ ಎಡವಟ್ಟಿಗೆ ಅದು ಒಳ್ಳೆಯ ಕರಾರು. ಕಂಪೈಲರ್ ಬಾಯಿ ಮುಚ್ಚಿಸಲೆಂದು ಖಾಲಿ ಕ್ಯಾಚ್ ಬರೆಸುವಲ್ಲಿ ಅದೇ ಪಿಡುಗು. ಆಮೇಲೆ ಬಂದ ಸಿ ಶಾರ್ಪ್, ಕಾಟ್ಲಿನ್ ಎರಡೂ ಅದನ್ನು ಕೈಬಿಟ್ಟವು. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುವವರು ಒಂದು ತಿಳಿದಿರಬೇಕು: ಟ್ರಾನ್ಸ್ಯಾಕ್ಷನಲ್ ಎಂದು ಗುರುತಿಸಿದ ಮೆಥಡ್ಡಿನಿಂದ ಚೆಕ್ಡ್ ಎಕ್ಸೆಪ್ಶನ್ ಹೊರಬಿದ್ದರೆ ತಾನಾಗಿ ರೋಲ್‌ಬ್ಯಾಕ್ ಆಗುವುದಿಲ್ಲ, ಕಮಿಟ್ ಆಗುತ್ತದೆ (ಬರೆದದ್ದು ರದ್ದಾಗದೆ ಕಾಯಂ ಆಗುತ್ತದೆ). ರೋಲ್‌ಬ್ಯಾಕ್ ಆಗುವುದು ರನ್‌ಟೈಮ್ ಎಕ್ಸೆಪ್ಶನ್ ಮತ್ತು ಎರರ್‌ಗಳಿಗೆ ಮಾತ್ರ. ರೋಲ್‌ಬ್ಯಾಕ್ ಫಾರ್ ಬರೆದು, ಚೆಕ್ಡ್ ಎಕ್ಸೆಪ್ಶನ್ನಿಗೂ ಆಗಲಿ ಎಂದು ಹೇಳಬೇಕು.

ಫೇಲಾದ್ರೆ ಎಷ್ಟು ಸಲ ರೀಟ್ರೈ ಮಾಡಬಹುದು?

ಎಷ್ಟು ಸಲ ಎನ್ನುವುದಕ್ಕಿಂತ ಮೊದಲು, ಮತ್ತೆ ಮಾಡಿದರೆ ಫಲ ಬೇರೆಯಾಗುವ ಸಾಧ್ಯತೆ ಇದೆಯೇ ನೋಡಿ. ನೆಟ್‌ವರ್ಕ್ ಕಡಿದದ್ದು, ಟೈಮ್‌ಔಟ್, ಡೇಟಾಬೇಸ್ ಡೆಡ್‌ಲಾಕ್: ಮತ್ತೆ ಮಾಡಬಹುದು. ಪಾಸ್‌ವರ್ಡ್ ತಪ್ಪು, ಸದಸ್ಯರ ನಂಬರೇ ಇಲ್ಲ: ನೂರು ಸಲ ಮಾಡಿದರೂ ಅದೇ. ಮೂರು ಸಲ, ನಡುವೆ 1, 2, 4 ಸೆಕೆಂಡಿನಂತೆ ಇಮ್ಮಡಿಸುವ ಬಿಡುವು, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಏರುಪೇರು. ಈ ಏರುಪೇರು ಇಲ್ಲದಿದ್ದರೆ, ಕರೆಂಟ್ ಬಂದ ಕೂಡಲೇ ತಾಲ್ಲೂಕಿನ ಎಲ್ಲ ಡೇರಿಗಳ ಪ್ರೋಗ್ರಾಮುಗಳೂ ಒಂದೇ ಗಳಿಗೆಯಲ್ಲಿ ಸರ್ವರಿನ ಮೇಲೆ ಮುಗಿಬೀಳುತ್ತವೆ.

ಟೈಮ್‌ಔಟ್ ಅಂದರೆ ‘ಆಗಲಿಲ್ಲ’ ಎಂದಲ್ಲ, ‘ಉತ್ತರ ಬರಲಿಲ್ಲ’ ಎಂದು. ಸರ್ವರ್ ಬರೆದುಕೊಂಡು, ಉತ್ತರ ದಾರಿಯಲ್ಲಿ ಕಳೆದಿರಬಹುದು. ಸುಮ್ಮನೆ ಮತ್ತೆ ಕಳಿಸಿದರೆ ಒಂದು ಕ್ಯಾನಿಗೆ ಎರಡು ಲೆಕ್ಕ. ಪ್ರತಿ ಕ್ಯಾನಿಗೂ ಮೊದಲೇ ಒಂದು ವಿಶಿಷ್ಟ ನಂಬರ್ ಕೊಟ್ಟು, ಆ ಕಾಲಂ ಮೇಲೆ ಯೂನಿಕ್ ಕಟ್ಟಳೆ ಹಾಕಿ. ಎರಡನೇ ಸಲ ಬಂದದ್ದು ‘ಈಗಾಗಲೇ ಇದೆ’ ಎಂದು ಗೊತ್ತಾಗುತ್ತದೆ.

ಅರ್ಧ ಬರೆದಾಗ ಕರೆಂಟ್ ಹೋದ್ರೆ ಯಾವ ಫೈನಲಿ ಕಾಪಾಡುತ್ತೆ?

ಯಾವುದೂ ಇಲ್ಲ. ಇಲ್ಲಿ ಬೇಕಾದದ್ದು, ಅರ್ಧಕ್ಕೆ ನಿಂತರೂ ಕೆಡದ ಬರವಣಿಗೆಯ ಕ್ರಮ. ಡೇಟಾಬೇಸ್ ಆದರೆ ಟ್ರಾನ್ಸ್ಯಾಕ್ಷನ್: ಕ್ಯಾನಿನ ಸಾಲು, ರೈತನ ಬಾಕಿ ಎರಡೂ ಒಂದೇ ಕಮಿಟ್‌ನಲ್ಲಿ. ಚೀಟಿ ಮುದ್ರಿಸುವುದು ಕಮಿಟ್ ಆದ ಮೇಲೆ. ಕಾಗದಕ್ಕೆ ರೋಲ್‌ಬ್ಯಾಕ್ ಇಲ್ಲ.

ಫೈಲ್ ಆದರೆ, ಲಿನಕ್ಸಿನಲ್ಲಿ ಹೀಗೆ: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನ ಫೈಲಿಗೆ ಪೂರ್ತಿ ಬರೆಯಿರಿ, ಎಫ್‌ಸಿಂಕ್ ಮಾಡಿ (ಬರೆದದ್ದನ್ನು ಡಿಸ್ಕಿಗೆ ಇಳಿಸಿ), ಮುಚ್ಚಿ, ಆಮೇಲೆ ಹಳೆಯ ಹೆಸರಿಗೆ ರಿನೇಮ್ ಮಾಡಿ, ಕೊನೆಗೆ ಫೋಲ್ಡರನ್ನೂ ಎಫ್‌ಸಿಂಕ್ ಮಾಡಿ. ರಿನೇಮ್ ಇಡಿಯಾಗಿ ನಡೆಯುತ್ತದೆ ಅಥವಾ ನಡೆಯುವುದೇ ಇಲ್ಲ. ತಾತ್ಕಾಲಿಕ ಫೈಲ್ ಬೇರೆ ಡಿಸ್ಕಿನಲ್ಲಿದ್ದರೆ ರಿನೇಮ್ ಫೇಲಾಗುತ್ತದೆ, ಅದಕ್ಕೇ ಅದೇ ಫೋಲ್ಡರ್. ಅರ್ಧಕ್ಕೆ ನಿಂತ ತಾತ್ಕಾಲಿಕ ಫೈಲುಗಳನ್ನು ಪ್ರೋಗ್ರಾಂ ಮತ್ತೆ ಶುರುವಾದಾಗ ಗುಡಿಸಿ. ಮುಗಿಸುವಾಗಿನ ಕ್ಲೀನಪ್ಪಿಗಿಂತ ಶುರುವಿನ ಕ್ಲೀನಪ್ ನಂಬಿಕಸ್ತ.

## ಇನ್ನೂ ಆಳಕ್ಕೆ

ಟ್ರೈ ಒಳಗೇ ಇದೆ, ಆದರೂ ಕ್ಯಾಚ್‌ಗೆ ಸಿಗ್ತಿಲ್ಲ. ಏನಿದು ಮಾಟ?

ಕೆಲಸ ಬೇರೆ ಸ್ಟ್ಯಾಕ್ ಮೇಲೆ ನಡೆಯುತ್ತಿದೆ. ಎಕ್ಸೆಪ್ಶನ್ ಹತ್ತುವುದು ತನ್ನನ್ನು ಕರೆದವರ ಏಣಿಯನ್ನು. ನೀವು ಕೆಲಸ ಒಪ್ಪಿಸಿ ಎದ್ದುಹೋಗಿದ್ದರೆ ನಿಮ್ಮ ಕ್ಯಾಚ್ ಆ ಏಣಿಯಲ್ಲಿ ಇಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಅಸಿಂಕ್ (ಆಮೇಲೆ ಮುಗಿಯುವ) ಫಂಕ್ಷನ್ನನ್ನು ಅವೇಟ್ (ಮುಗಿಯುವವರೆಗೆ ಕಾಯುವುದು) ಇಲ್ಲದೆ ಕರೆದರೆ ಟ್ರೈ ಮುಗಿದ ಮೇಲೆ ಪ್ರಾಮಿಸ್ (ಮುಂದೆ ಬರಲಿರುವ ಫಲದ ಭರವಸೆ) ಒಡೆಯುತ್ತದೆ. ಟ್ರೈ ಒಳಗೆ ಪ್ರಾಮಿಸನ್ನು ಬರೀ ರಿಟರ್ನ್ ಮಾಡಿದರೂ ಅಷ್ಟೇ. ರಿಟರ್ನ್ ಅವೇಟ್ ಬೇಕು. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 15ನೇ ಆವೃತ್ತಿಯಿಂದ, ಯಾರೂ ಹಿಡಿಯದ ಪ್ರಾಮಿಸ್ ಇಡೀ ಪ್ರೋಸೆಸ್ಸನ್ನೇ ಬೀಳಿಸುತ್ತದೆ.

ಜಾವಾದ ಥ್ರೆಡ್ ಪೂಲಿಗೆ ಸಬ್‌ಮಿಟ್ ಮೂಲಕ ಕೊಟ್ಟ ಕೆಲಸದ ಎಕ್ಸೆಪ್ಶನ್ ಕೆಲಸದ ಫಲ ಹಿಡಿದಿಡುವ ಫ್ಯೂಚರ್ ಒಳಗೆ ಅಡಗಿ ಕೂರುತ್ತದೆ. ಗೆಟ್ ಕರೆಯದಿದ್ದರೆ ಯಾರಿಗೂ ಕಾಣದು. ಇದಕ್ಕಿಂತ ಕೆಟ್ಟದ್ದು ಶೆಡ್ಯೂಲ್ ಅಟ್ ಫಿಕ್ಸ್ಡ್ ರೇಟ್. ಐದು ನಿಮಿಷಕ್ಕೊಮ್ಮೆ ಸರ್ವರಿಗೆ ಲೆಕ್ಕ ಕಳಿಸುವ ಕೆಲಸ ಒಂದೇ ಒಂದು ಸಲ ಎಕ್ಸೆಪ್ಶನ್ ಎಸೆದರೆ, ಆ ಕೆಲಸ ಮುಂದೆಂದೂ ಓಡುವುದಿಲ್ಲ. ಪ್ರೋಗ್ರಾಂ ನೆಟ್ಟಗೆ ನಿಂತಿರುತ್ತದೆ, ಕೆಲಸ ಮಾತ್ರ ಸತ್ತಿರುತ್ತದೆ. ಆ ಕೆಲಸದ ಒಳಗೇ ಅಗಲದ ಕ್ಯಾಚ್ ಹಾಕಿ, ಲಾಗ್ ಬರೆಯಿರಿ.

ರದ್ದತಿಯ ಎಕ್ಸೆಪ್ಶನ್ನುಗಳನ್ನು ನುಂಗಬೇಡಿ. ಜಾವಾದಲ್ಲಿ ಇಂಟರಪ್ಟೆಡ್ ಹಿಡಿದು ಮತ್ತೆ ಎಸೆಯಲಾಗದಿದ್ದರೆ ಥ್ರೆಡ್ಡಿನ ಇಂಟರಪ್ಟ್ ಗುರುತನ್ನು ಮತ್ತೆ ಹಾಕಿ. ಪೈಥಾನಿನ ಕ್ಯಾನ್ಸಲ್ಡ್ ಎರರ್ 3.8ರಿಂದ ಸಾಮಾನ್ಯ ಎಕ್ಸೆಪ್ಶನ್ ಬಲೆಗೆ ಬೀಳುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ.

ಎಕ್ಸೆಪ್ಶನ್ ಸ್ಲೋ ಅಂತಾರಲ್ಲ?

ಏಳದಿದ್ದರೆ ಖರ್ಚು ನಗಣ್ಯ. ಇಂದಿನ ಸಿ ಪ್ಲಸ್ ಪ್ಲಸ್ ಕಂಪೈಲರುಗಳು ಯಾವ ಸಾಲಿಗೆ ಯಾವ ಕ್ಯಾಚ್ ಎಂಬ ಪಟ್ಟಿಯನ್ನು ಪಕ್ಕದಲ್ಲಿ ಇಡುತ್ತವೆ, ಎದ್ದಾಗ ಮಾತ್ರ ತೆಗೆದು ನೋಡುತ್ತವೆ. ಎದ್ದರೆ ದುಬಾರಿ, ಜಾವಾದಲ್ಲಿ ಆ ಖರ್ಚಿನ ದೊಡ್ಡ ಪಾಲು ಸ್ಟ್ಯಾಕ್ ಟ್ರೇಸ್ ತುಂಬುವುದಕ್ಕೆ. ದಿನಕ್ಕೆ ನಾಲ್ಕು ಸಲ ಬರುವುದಕ್ಕೆ ಚಿಂತೆ ಬೇಡ. ಲಕ್ಷ ಸಾಲಿನ ಫೈಲಿನಲ್ಲಿ ಅರ್ಧ ಸಾಲುಗಳಿಗೆ ಬರುವುದಾದರೆ ಅದು ಇಫ್‌ನ ಕೆಲಸ.

ಸಿ ಭಾಷೆಯಲ್ಲಿ ಇದೇನೂ ಇಲ್ವಲ್ಲ, ಕ್ಲೀನಪ್ ಹೇಗೆ?

ಗೋಟೂ ಬಳಸಿ, ನಾಚಿಕೆ ಬೇಡ. ಲಿನಕ್ಸ್ ಕರ್ನಲ್ ತುಂಬ ಅದೇ ಇದೆ. ಫಂಕ್ಷನ್ನಿನ ಕೊನೆಯಲ್ಲಿ ಲೇಬಲ್‌ಗಳು, ತೆರೆದದ್ದಕ್ಕೆ ಉಲ್ಟಾ ಕ್ರಮದಲ್ಲಿ. ಮೂರನೆಯದು ತೆರೆಯದಿದ್ದರೆ ಎರಡನೆಯದನ್ನು ಮುಚ್ಚುವ ಲೇಬಲ್ಲಿಗೆ ಹಾರಿ, ಅಲ್ಲಿಂದ ಹರಿದು ಮೊದಲನೆಯದರ ಲೇಬಲ್ಲಿಗೆ ಬೀಳುತ್ತೀರಿ. ನಾಲೆಯ ನೀರು ತೂಬಿನಿಂದ ತೂಬಿಗೆ ಇಳಿದಂತೆ.

ಒಂದು ಎಕ್ಸೆಪ್ಶನ್ ಬಿಟ್ಟುಹೋದರೆ ನಿಜಕ್ಕೂ ಅಷ್ಟೊಂದು ನಷ್ಟ ಆಗುತ್ತಾ?

1996ರ ಜೂನ್ 4ರಂದು ಯುರೋಪಿನ ಏರಿಯನ್ 5 ರಾಕೆಟ್ಟಿನ ಮೊದಲ ಹಾರಾಟ. ಸುಮಾರು 40 ಸೆಕೆಂಡಿನಲ್ಲಿ, ಸುಮಾರು 3700 ಮೀಟರ್ ಎತ್ತರದಲ್ಲಿ ಅದು ದಾರಿ ತಪ್ಪಿ ಸಿಡಿಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕುವಾಗ ಅದು ಹಿಡಿಸಲಿಲ್ಲ, ಎಕ್ಸೆಪ್ಶನ್ ಎದ್ದಿತು, ಹಿಡಿಯುವವರಿರಲಿಲ್ಲ. ಪ್ರೊಸೆಸರಿನ ಹೊರೆ ತಗ್ಗಿಸಲೆಂದು ಏಳು ವೇರಿಯಬಲ್ಲುಗಳಲ್ಲಿ ನಾಲ್ಕಕ್ಕೆ ಮಾತ್ರ ಕಾವಲು ಹಾಕಿದ್ದರು. ಬದಲಿ ಕಂಪ್ಯೂಟರ್ ಇತ್ತು, ಆದರೆ ಅದರಲ್ಲೂ ಅದೇ ಪ್ರೋಗ್ರಾಂ, ಅದೇ ಕಾರಣಕ್ಕೆ ಅದೂ ನಿಂತಿತ್ತು. ಆ ಲೆಕ್ಕ ಹಾಕುತ್ತಿದ್ದ ಭಾಗಕ್ಕೆ ಏರಿಯನ್ 5 ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ಏರಿಯನ್ 4ರಿಂದ ಹಾಗೇ ಎತ್ತಿಕೊಂಡು ಬಂದದ್ದು. ‘ಎಕ್ಸೆಪ್ಶನ್ ಬಂದರೆ ಪ್ರೊಸೆಸರ್ ನಿಲ್ಲಿಸು’ ಎಂಬ ನಿಯಮ ಹಾರ್ಡ್‌ವೇರ್ ಕೆಟ್ಟ ಸಂದರ್ಭಕ್ಕೆಂದು ಬರೆದದ್ದಾಗಿತ್ತು, ಕೆಟ್ಟದ್ದು ಸಾಫ್ಟ್‌ವೇರ್.

ಎರರ್ ದಾರಿಯನ್ನ ಟೆಸ್ಟ್ ಮಾಡೋದು ಹೇಗೆ? ಯಂತ್ರ ಕೆಡೋವರೆಗೂ ಕಾಯಬೇಕಾ?

ಕಾಯಬೇಕಿಲ್ಲ, ಕೆಡಿಸಿ. ಯಂತ್ರದ ಬದಲು ಒಂದು ನಕಲಿ ಕ್ಲಾಸ್ ಬರೆಯಿರಿ: ಎಷ್ಟನೇ ಕರೆಗೆ ಎಸೆಯಬೇಕೆಂದು ಅದಕ್ಕೆ ಹೇಳುವಂತಿರಲಿ. ಮೊದಲ ಕರೆಗೆ ಎಸೆದು ಓಡಿಸಿ, ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ, ಹೀಗೆ ಎಲ್ಲ ಕರೆಗಳೂ ಮುಗಿಯುವವರೆಗೆ. ಪ್ರತಿ ಸಲವೂ ತೆರೆದ ಎಣಿಕೆ, ಮುಚ್ಚಿದ ಎಣಿಕೆ ಸಮವಿದೆಯೇ ನೋಡಿ.

ಸೋರಿಕೆಗೆ, ಲಿನಕ್ಸಿನ ಮಿತಿ ಹಾಕುವ ಆಜ್ಞೆಯಾದ ಯೂಲಿಮಿಟ್‌ನಲ್ಲಿ ತೆರೆದ ಫೈಲುಗಳ ಮಿತಿಯನ್ನು 64ಕ್ಕೆ ಇಳಿಸಿ, ಎರರ್ ಬರುವ ದಾರಿಯನ್ನೇ ಸಾವಿರ ಸಲ ಲೂಪಿನಲ್ಲಿ ಓಡಿಸಿ. ಡಿಸ್ಕ್ ತುಂಬಿದ್ದಕ್ಕೆ ಲಿನಕ್ಸಿನ ಡೆವ್ ಫೋಲ್ಡರಿನಲ್ಲಿ ಫುಲ್ ಎಂಬ ಒಂದು ಹುಸಿ ಸಾಧನ ಇದೆ, ಏನು ಬರೆದರೂ ಜಾಗವಿಲ್ಲ ಎನ್ನುತ್ತದೆ. ಅದಕ್ಕೆ ಪೈಥಾನಿನಿಂದ ಒಂದು ಚಿಕ್ಕ ಸಾಲು ಬರೆಯಿರಿ: ರೈಟ್ ಸಲೀಸಾಗಿ ಹೋಗುತ್ತದೆ, ಎಕ್ಸೆಪ್ಶನ್ ಬರುವುದು ಕ್ಲೋಸ್‌ನಲ್ಲಿ. ಕರೆಂಟ್ ಹೋದದ್ದಕ್ಕೆ, ಕ್ಯಾನು ತೂಗುವ ನಡುವೆ ಕಿಲ್ ಮೈನಸ್ 9 ಕೊಟ್ಟು ಮತ್ತೆ ಶುರು ಮಾಡಿ, ಆ ಸರದಿಯ ಕ್ಯಾನುಗಳನ್ನು ಚೀಟಿಗಳ ಜೊತೆ ತಾಳೆ ನೋಡಿ. ಕೊನೆಗೆ, ಡೇರಿಗೆ ಹೋದ ದಿನ ಪ್ರೋಗ್ರಾಂ ಓಡುತ್ತಿರುವಾಗಲೇ ತೂಕದ ಯಂತ್ರದ ಕೇಬಲ್ ಎಳೆದು ಮತ್ತೆ ಸಿಕ್ಕಿಸಿ. ರೀಸ್ಟಾರ್ಟ್ ಮಾಡದೆ ಮುಂದಿನ ಕ್ಯಾನಿನ ತೂಕ ಬರಬೇಕು.